ಹುಚ್ಚು ಇರಲಿ, ಜೂನ್‌ಗೆ ಮುಗಿಯದಿರಲಿ

ನಿನಗೆ ಕ್ರಿಕೆಟ್ ಹುಚ್ಚು ಎಂದು ನಿಮ್ಮಮ್ಮ ದೂರು ತಂದಾಗಲೆಲ್ಲ ನಾನು ನಿನ್ನ ಪರವೇ ಮಾತಾಡಿದ್ದೇನೆ, ಮರಿ. ಹುಚ್ಚು ಇರಲಿ. ಆದರೆ ನಿನ್ನದು ಸಂಜೆ ಏಳೂವರೆಗೆ ಏರಿ ರಾತ್ರಿ ಹನ್ನೊಂದೂವರೆಗೆ ಇಳಿಯುವ ಹುಚ್ಚು. ಐಪಿಎಲ್ ಮುಗಿಯಿತೋ, ಬ್ಯಾಟು ಮಂಚದ ಕೆಳಗೆ. ನನ್ನ ತಕರಾರು ಅದೇ.

2025ರ ಜೂನ್ 3ರ ರಾತ್ರಿ ಆರ್‌ಸಿಬಿ 6 ರನ್ನಿನಿಂದ ಕಪ್ ಗೆದ್ದಾಗ ನೀನು ಬೀದಿಗೆ ಓಡಿದೆ. ಅಷ್ಟು ವರ್ಷ ಕಾದ ಸಂತೋಷ, ಯಾರು ಬೇಡ ಅಂದಾರು? ಮಾರನೇ ದಿನ ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ ನೂಕುನುಗ್ಗಲಿನಲ್ಲಿ 11 ಜನ ಸತ್ತರು. ಹೆಚ್ಚಿನವರು ಎಳೆಯರು. ಆ ತಪ್ಪನ್ನು ನಿಮ್ಮಂಥವರ ತಲೆಗೆ ಕಟ್ಟುವವನು ನಾನಲ್ಲ. ಆದರೂ ಕೇಳುತ್ತೇನೆ: ಅದೇ ಮೈದಾನದಲ್ಲಿ, ಅದೇ ವರ್ಷದ ಜನವರಿ ಕೊನೆಗೆ, ಕೆ.ಎಲ್. ರಾಹುಲ್ ಹರಿಯಾಣದ ಮೇಲೆ ರಣಜಿ ಆಡಿದ. ನೀನು ಹೋಗಿದ್ದೆಯಾ? ಟ್ಯೂಷನ್ ಇತ್ತು ಎನ್ನಬೇಡ. ಟ್ಯೂಷನ್ ತಪ್ಪಿಸುವುದರಲ್ಲಿ ನೀನು ಎಂಥ ಜಾಣ ಎಂದು ನನಗೆ ಗೊತ್ತು.

ಭಾರತ ತಂಡ ಸುಧಾರಿಸಬೇಕು, ಕೋಚ್ ಬದಲಾಗಬೇಕು, ನಾಯಕನನ್ನು ಇಳಿಸಬೇಕು ಎಂದು ಗೆಳೆಯರ ಜೊತೆ ಗಂಟೆಗಟ್ಟಲೆ ವಾದ ಮಾಡುತ್ತೀಯ. ತಂಡ ತಯಾರಾಗುವುದು ಹುಬ್ಬಳ್ಳಿ, ಆಲೂರುಗಳ ಬಿಸಿಲಲ್ಲಿ, ನಾಲ್ಕು ದಿನದ ಆಟದಲ್ಲಿ. ಅಲ್ಲಿ ಹೋಗಿ ನೋಡಿ ಆಮೇಲೆ ಮಾತಾಡು. ಸತತ 15 ವರ್ಷ ರಣಜಿ ಕಪ್ ಬಿಟ್ಟುಕೊಡದ ಬಾಂಬೆಯನ್ನು 1974ರಲ್ಲಿ ಬೆಂಗಳೂರಿನ ಸೆಮಿಫೈನಲ್ಲಿನಲ್ಲಿ ತಡೆದವರು ನಮ್ಮವರು. ಪ್ರಸನ್ನ ಅವರ ಎಸೆತಕ್ಕೆ ಗವಾಸ್ಕರ್ ಬೌಲ್ಡ್ ಆದದ್ದನ್ನು ನಮ್ಮ ಓರಗೆಯವರು ಇವತ್ತಿಗೂ ಎದ್ದುನಿಂತು ಆಡಿ ತೋರಿಸುತ್ತಾರೆ. 2010ರ ಜನವರಿಯಲ್ಲಿ ಮೈಸೂರಿನ ಗಂಗೋತ್ರಿ ಗ್ಲೇಡ್ಸ್‌ನಲ್ಲಿ ಫೈನಲ್, ಎದುರಾಳಿ ಮತ್ತೆ ಅದೇ ಮುಂಬೈ. ಗುರಿ 338. ಮನೀಷ್ ಪಾಂಡೆ 144 ಹೊಡೆದ. ನಾವು 331ಕ್ಕೆ ಆಲೌಟ್. ಸೋಲು 6 ರನ್ನಿನದೇ! ಮೈದಾನದ ಸುತ್ತ ಕಿಕ್ಕಿರಿದಿದ್ದ ಜನಕ್ಕೆ ಅವತ್ತು ಸಿಕ್ಕ ಆಟ ಯಾವ ಟಿ20ಯಲ್ಲೂ ಸಿಗುವುದಿಲ್ಲ ಎಂದು ನಾನು ಪಣ ಕಟ್ಟಿ ಹೇಳುತ್ತೇನೆ.

ಇನ್ನು ನಿನ್ನ ಬೆರಳು. ಒಬ್ಬ ಎರಡು ಸಲ ಸೊನ್ನೆಗೆ ಔಟಾದರೆ ಸಾಕು, ಅವನನ್ನು ಕಿತ್ತುಹಾಕಿ ಎಂದು ಫೋನಿನಲ್ಲಿ ಬರೆದುಬಿಡುತ್ತೀಯ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಕರುಣ್ ನಾಯರ್ 2016ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ ಔಟಾಗದೆ 303 ಹೊಡೆದವನು. ಮರುವರ್ಷವೇ ಟೆಸ್ಟ್ ತಂಡದಿಂದ ಹೊರಗೆ. ಕರ್ನಾಟಕ ತಂಡದಲ್ಲೂ ಜಾಗ ಹೋಯಿತು. ವಿದರ್ಭಕ್ಕೆ ಹೋಗಿ ರನ್ ಗುಡ್ಡೆ ಹಾಕಿದ, 2025ರ ರಣಜಿ ಫೈನಲ್ಲಿನಲ್ಲಿ ಶತಕ ಹೊಡೆದು ಕಪ್ ಗೆಲ್ಲಿಸಿದ, ಆ ಜೂನ್‌ನಲ್ಲಿ ಮತ್ತೆ ಟೆಸ್ಟ್ ಆಡಿದ. ನಡುವೆ ಎಂಟು ವರ್ಷ. ನಿನಗೆ ಎಂಟು ನಿಮಿಷ ಬಸ್ಸು ತಡವಾದರೆ ಸಿಟ್ಟು ಬರುತ್ತದಲ್ಲ, ಅದಕ್ಕೇ ಹೇಳಿದೆ.

ಇದೊಂದು ಕಹಿಯಾದರೂ ನುಂಗು. ವಯಸ್ಸು ಎರಡು ವರ್ಷ ಇಳಿಸಿ ಬರೆಸೋಣ, ಸೆಲೆಕ್ಷನ್ ಸುಲಭ ಎಂದು ಯಾರಾದರೂ ಆಸೆ ತೋರಿಸಿದರೆ ಆ ಕ್ಯಾಂಪಿನಿಂದ ಅವತ್ತೇ ಎದ್ದು ಬಾ. ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆಯ ವಯಸ್ಸು ನೋಡುತ್ತಾರೆ, ಸಿಕ್ಕಿಬೀಳುತ್ತೀಯ. ಸಿಕ್ಕಿಬೀಳದಿದ್ದರೆ ಇನ್ನೂ ಕೆಟ್ಟದ್ದು, ನಿಜವಾಗಿ ಹದಿನಾಲ್ಕು ತುಂಬಿದ ಹುಡುಗನೊಬ್ಬ ನಿನ್ನಿಂದ ಮನೆಗೆ ಹೋಗುತ್ತಾನೆ. 2015ರ ಪಟೌಡಿ ಉಪನ್ಯಾಸದಲ್ಲಿ ದ್ರಾವಿಡ್ ಈ ಮೋಸದ ಬಗ್ಗೆ ಮುಲಾಜಿಲ್ಲದೆ ಮಾತಾಡಿದರು. ಅವರು ಬರೀ ಮಾತಿನವರಲ್ಲ. 2018ರಲ್ಲಿ ಅವರ ಅಂಡರ್-19 ಹುಡುಗರು ವಿಶ್ವಕಪ್ ಗೆದ್ದಾಗ ತಮಗೆ ಹೆಚ್ಚು, ಜೊತೆಗಾರ ಸಿಬ್ಬಂದಿಗೆ ಕಡಿಮೆ ಬಹುಮಾನ ಎಂಬುದನ್ನು ಒಪ್ಪದೆ, ಎಲ್ಲರಿಗೂ ಸಮ ಹಂಚಿಸಿದರು. ಅವರ ಕವರ್ ಡ್ರೈವ್ ಕಲಿಯುವುದು ಕಷ್ಟ. ಇದನ್ನು ಇವತ್ತೇ ಕಲಿಯಬಹುದು.

ನಿನ್ನ ತಂಗಿಯನ್ನು ಬರೀ ಚರಂಡಿಗೆ ಬಿದ್ದ ಚೆಂಡು ಹೆಕ್ಕಲು ಕರೆಯುವುದನ್ನು ನಾನು ಮಹಡಿಯಿಂದ ನೋಡಿದ್ದೇನೆ. ನಮ್ಮ ಶಾಂತಾ ರಂಗಸ್ವಾಮಿ 1976ರಲ್ಲಿ ನಾಯಕಿಯಾಗಿ ಪಟ್ನಾದಲ್ಲಿ ವೆಸ್ಟ್ ಇಂಡೀಸನ್ನು ಸೋಲಿಸಿದಾಗ ಹೆಣ್ಣುಮಕ್ಕಳ ಕ್ರಿಕೆಟ್ ಬಿಸಿಸಿಐ ಕೈಯಲ್ಲಿ ಇರಲೇ ಇಲ್ಲ, ಅದು ಸೇರಿದ್ದು 2006ರಲ್ಲಿ. ಪಂದ್ಯದ ಶುಲ್ಕ ಗಂಡಸರ ಸಮಕ್ಕೆ ಬಂದದ್ದು 2022ರಲ್ಲಿ. 2025ರ ನವೆಂಬರ್ 2ಕ್ಕೆ ವಿಶ್ವಕಪ್ಪೇ ಮನೆಗೆ ಬಂತು. ಆ ರಾತ್ರಿ ನಿನಗಿಂತ ಜೋರಾಗಿ ಕಿರುಚಿದವಳು ಅವಳೇ. ಭಾನುವಾರ ಹೊಸ ಚೆಂಡು ಅವಳ ಕೈಗೆ ಕೊಡು. ನೀನು ಪ್ಯಾಡ್ ಕಟ್ಟು, ಔಟಾದರೆ ವಾದ ಮಾಡದೆ ಬ್ಯಾಟು ಕೊಡು.