ಅಳತೆಯ ಮಾದರಿಯಲ್ಲಿ ಲೋಹದ ಕೆಲಸ

ನಮ್ಮ ಶಾಲೆಯ ಮುರಕಲ್ಲಿನ ಹಳೆಯ ಕಟ್ಟಡವನ್ನು ಬರುವ ಬೇಸಗೆಯಲ್ಲಿ ಕೆಡವಲಾಗುವುದೆಂಬುದು ವಿದ್ಯಾರ್ಥಿಗಳಿಗೂ ಹೆತ್ತವರಿಗೂ ತಿಳಿದ ವಿಷಯವೇ. ಅಜ್ಜ, ತಂದೆ, ಮಗ ಮೂವರೂ ಕನ್ನಡದ ಅಕ್ಷರ ತಿದ್ದಿದ ಸ್ಥಳವದು. ಕೆಡಹುವುದಕ್ಕೆ ಮುಂಚೆ ಅದನ್ನು ಅಳೆದು, ಐವತ್ತರಲ್ಲಿ ಒಂದು ಪಾಲಿನ ಮಾದರಿಯೊಂದನ್ನು ಮಾಡಿಡಬೇಕೆಂದು ನಿಶ್ಚಯಿಸಿ, ಒಂಬತ್ತನೆಯ ತರಗತಿಯವರೊಡನೆ ನಾವು ಕೆಲಸಕ್ಕೆ ತೊಡಗಿದೆವು. ಗೋಡೆಗೆ ದಪ್ಪ ರಟ್ಟು, ಮಾಡಿಗೆ ಮಡಿಕೆಯ ಕಾಗದ. ಇವು ಸುಲಭವಾಗಿಯೇ ಆದುವು. ಕಾಡಿದುವು ಕಬ್ಬಿಣದ ಭಾಗಗಳು: ಕಿಟಕಿಯ ಸರಳು, ಮಾಡಿನ ದಂಬೆ, ಜಗಲಿಯ ಗಂಟೆ.

ಮೊದಲ ಬಾರಿಗೆ ಮಾಡಿದ ಕಿಟಕಿಗಳನ್ನು ಕಂಡ ಹಳೆಯ ವಿದ್ಯಾರ್ಥಿಯೊಬ್ಬರು, "ಇದೇನು ಮಾಷ್ಟ್ರೇ, ಜೈಲು ಕಟ್ಟಿದಿರಾ?" ಎಂದು ಕೇಳಿದರು. ನಮಗೆ ನಗು ಬಂದರೂ ಪ್ರಶ್ನೆ ನ್ಯಾಯವಾದುದೇ ಆಗಿತ್ತು. ನಾವು ಬಳಸಿದ್ದು 1 ಮಿ.ಮೀ. ದಪ್ಪದ ಕಟ್ಟುತಂತಿ. ಅದನ್ನು ಐವತ್ತರಿಂದ ಗುಣಿಸಿರಿ: 5 ಸೆಂ.ಮೀ.! ಅಷ್ಟು ದಪ್ಪದ ಸರಳು ಯಾವ ಶಾಲೆಯ ಕಿಟಕಿಗಿದೆ? ನಿಜವಾದ ಸರಳಿನ ದಪ್ಪ 12 ಮಿ.ಮೀ.; ಐವತ್ತರಿಂದ ಭಾಗಿಸಿದರೆ 0.24. ಗೋಡೆ ಒಂದು ಕೂದಲೆಳೆಯಷ್ಟು ಹೆಚ್ಚಾದರೆ ಯಾರಿಗೂ ಕಾಣದು. ಸರಳು ಅಷ್ಟೇ ಹೆಚ್ಚಾದರೆ ಕಟ್ಟಡವೇ ಆಟಿಕೆಯಾಗಿಬಿಡುತ್ತದೆ.

ಮೋಟಾರು ಸುತ್ತುವ ಅಂಗಡಿಯಲ್ಲಿ 33ನೆಯ ಗೇಜಿನ ತಾಮ್ರದ ತಂತಿ ದೊರೆಯಿತು. ಭೌತಶಾಸ್ತ್ರದ ಸ್ಕ್ರೂ ಗೇಜಿನಿಂದ ಅಳೆದಾಗ 0.25 ಮಿ.ಮೀ. ಬಂದಿತು. (ಪರೀಕ್ಷೆಗೆಂದು ಮಾತ್ರ ಕಪಾಟಿನಿಂದ ಹೊರಬರುತ್ತಿದ್ದ ಆ ಉಪಕರಣಕ್ಕೆ ಈ ವರ್ಷ ನಿಜವಾದ ಉದ್ಯೋಗ ಸಿಕ್ಕಿತು.) ಈ ತಂತಿಯ ಮೈಗೆ ಕಣ್ಣಿಗೆ ಕಾಣದಂತಹ ಎನಾಮಲ್ ಲೇಪವಿರುತ್ತದೆ. ಅದನ್ನು ನಯವಾದ ಮರಳುಕಾಗದದಿಂದ ಉಜ್ಜಿ ತೆಗೆಯದಿದ್ದರೆ ಬೆಸುಗೆ ಹಿಡಿಯದು. ಸುರುಳಿಯಿಂದ ಬಿಚ್ಚಿದ ತಂತಿ ಡೊಂಕಾಗಿರುವುದಷ್ಟೆ. ಒಂದು ತುದಿಯನ್ನು ವೈಸಿಗೆ ಕಚ್ಚಿಸಿ, ಇನ್ನೊಂದನ್ನು ಇಕ್ಕುಳದಿಂದ ಹಿಡಿದು ಮೆಲ್ಲನೆ ಎಳೆಯಿರಿ. ತಂತಿ ತುಸು ಹಿಗ್ಗಿದಂತೆ ಕೈಗೆ ತಿಳಿಯುತ್ತದೆ. ಒಡನೆಯೇ ನಿಲ್ಲಿಸಿದರೆ ಅದು ದಾರ ಹಿಡಿದಂತೆ ನೇರವಾಗಿರುವುದು. ಎಳೆತದಿಂದ ತಾಮ್ರ ಗಡುಸೂ ಆಗುತ್ತದೆ. ಕೆಂಪಗೆ ಕಾಯಿಸಿದರೆ ಮತ್ತೆ ಮೆದುವಾಗುತ್ತದೆ.

ಸರಳುಗಳ ನಡುವಣ ಅಂತರ 10 ಸೆಂ.ಮೀ., ಎಂದರೆ ಮಾದರಿಯಲ್ಲಿ 2 ಮಿ.ಮೀ. ಒಂದು ಕಿಟಕಿಗೆ ಒಂಬತ್ತು ಸರಳು, ಹದಿನಾಲ್ಕು ಕಿಟಕಿ. ಕೈಯಿಂದ ಒಂದೊಂದಾಗಿ ಇಟ್ಟರೆ ಎರಡು ಕಿಟಕಿಗಳು ಒಂದೇ ತೆರನಾಗುವುದಿಲ್ಲ. ಇದಕ್ಕೆ ಉಪಾಯವೊಂದಿದೆ. ಅಂಗಡಿಯಲ್ಲಿ ಸಿಗುವ 16 ಮಿ.ಮೀ.ನ ಸಾಮಾನ್ಯ ಬೋಲ್ಟಿನಲ್ಲಿ ಒಂದು ಥ್ರೆಡ್ಡಿನಿಂದ ಮುಂದಿನ ಥ್ರೆಡ್ಡಿಗೆ ಸರಿಯಾಗಿ 2 ಮಿ.ಮೀ. ಅಂತರವಿದೆ. ನಡು ತೆರೆದ ಮರದ ಚೌಕಟ್ಟಿಗೆ ಅಂತಹ ಎರಡು ಬೋಲ್ಟುಗಳನ್ನು ಸಮಾನಾಂತರವಾಗಿ ಬಿಗಿದು, ತಂತಿಯನ್ನು ಅವುಗಳ ಸುತ್ತಲೂ ಥ್ರೆಡ್ಡಿನಲ್ಲಿ ಕೂರಿಸಿ ಸುತ್ತಿದರೆ ಅಂತರ ತಾನಾಗಿಯೇ ಸರಿಯಾಗುವುದು. ಅಡ್ಡಪಟ್ಟಿಗಳನ್ನಿಟ್ಟು ಬೆಸೆದು, ಚೌಕಟ್ಟನ್ನು ಮಗುಚಿ ಹಿಂಬದಿಯನ್ನೂ ಬೆಸೆದು ಕತ್ತರಿಸಿದರೆ, ಒಂದೇ ಸುತ್ತಿಗೆ ಎರಡು ಕಿಟಕಿ! ಏಳು ಸುತ್ತಿನಲ್ಲಿ ಕೆಲಸ ಮುಗಿಯಿತು.

ಬೆಸುಗೆಯ ಕೀಲಿಗೆ ರಾಳ ಸವರಿ, ಕಾದ ಕಡ್ಡಿಯನ್ನು ಒಂದೆರಡು ಕ್ಷಣ ಮಾತ್ರ ತಾಗಿಸಬೇಕು. ತಾಮ್ರ ಕರಗುವುದು 1085 ಡಿಗ್ರಿ ಸೆಂಟಿಗ್ರೇಡಿನಲ್ಲಿ. ಸೀಸವಿಲ್ಲದ ಬೆಸುಗೆಲೋಹವು 220ರ ಸುಮಾರಿನಲ್ಲಿ. ಆದುದರಿಂದ ತಂತಿಗೆ ಭಯವಿಲ್ಲ. ಪಕ್ಕದ ಬೆಸುಗೆ ಮಾತ್ರ ಬಿಟ್ಟುಕೊಳ್ಳುವುದುಂಟು. ಅದರ ಮೇಲೆ ಒದ್ದೆ ಹತ್ತಿಯನ್ನಿಟ್ಟರೆ ಬಿಸಿಯನ್ನು ಅದು ಹೀರಿಕೊಳ್ಳುತ್ತದೆ. ಹೆತ್ತವರು ಗಮನಿಸಬೇಕು: ಮಕ್ಕಳ ಕೈಗೆ ಸೀಸವಿಲ್ಲದ ಬೆಸುಗೆಯನ್ನೇ ಕೊಡತಕ್ಕದ್ದು, ಕಿಟಕಿ ತೆರೆದಿರಲಿ, ಹಿರಿಯರೊಬ್ಬರು ಹತ್ತಿರವಿರಲಿ.

ಕಾಸರಗೋಡಿನ ಮಳೆಗೆ ದಂಬೆಯಿಲ್ಲದ ಮಾಡುಂಟೇ? ನಮ್ಮದು 10 ಸೆಂ.ಮೀ. ಅಗಲದ ಅರ್ಧವೃತ್ತದ ದಂಬೆ. ಮಾದರಿಗೆ 2 ಮಿ.ಮೀ. ಸೈಕಲ್ಲಿನ ಕಡ್ಡಿಯೂ ಅಷ್ಟೇ ದಪ್ಪ. ಗಟ್ಟಿ ಮರದಲ್ಲಿ ಗಾಡಿ ಕೊರೆದು, ಹಿತ್ತಾಳೆಯ ತೆಳು ತಗಡಿನ ಪಟ್ಟಿಯನ್ನು ಅದರ ಮೇಲಿಟ್ಟು ಕಡ್ಡಿಯಿಂದ ಒತ್ತಿದೆವು. ಪಟ್ಟಿಯ ಅಗಲವೆಷ್ಟು? ವೃತ್ತದ ಪರಿಧಿಯ ಅರ್ಧ, 3.14 ಮಿ.ಮೀ. "ಪೈ" ಎಲ್ಲಿ ಉಪಯೋಗಕ್ಕೆ ಬರುತ್ತದೆಂದು ಕೇಳುತ್ತಿದ್ದ ಹುಡುಗನೇ ಈ ಲೆಕ್ಕ ಮಾಡಿದನು. ಮೊದಲು ತಂಪು ಪಾನೀಯದ ಡಬ್ಬಿಯ ಅಲ್ಯುಮಿನಿಯಂ ತಗಡನ್ನು ಬಳಸಿ ಸೋತಿದ್ದೆವು. ಗಾಳಿ ತಾಗಿದೊಡನೆ ಅದರ ಮೇಲೆ ಆಕ್ಸೈಡಿನ ಪೊರೆ ಕಟ್ಟುವುದರಿಂದ ಸಾಮಾನ್ಯ ಬೆಸುಗೆ ಅದಕ್ಕೆ ಅಂಟದು.

ಬಣ್ಣದಲ್ಲಿಯೂ ಎಡವಿದೆವು. ಕಪ್ಪು ಬಣ್ಣದ ಒಂದು ಲೇಪ 0.05 ಮಿ.ಮೀ. ಎಂದಿಟ್ಟುಕೊಂಡರೂ, ಎರಡು ಲೇಪ ಎರಡೂ ಬದಿಗೆ ಸೇರಿ 0.2 ಆಯಿತು; 0.25ರ ಸರಳು 0.45 ಆಯಿತು. ಮತ್ತೆ ಜೈಲು! ಎಲ್ಲವನ್ನೂ ತೊಳೆದು, ತಿನ್ನರ್ ಬೆರೆಸಿದ ನೀರಾದ ಬಣ್ಣವನ್ನು ಒಂದೇ ಸಲ ಸವರಿದೆವು.

ಕೊನೆಗೆ ಗಂಟೆ. ಎಲ್ಲರಿಗೂ ಗೊತ್ತಿರುವಂತೆ ಅದು ಒಂದಡಿ ಉದ್ದದ ರೈಲುಕಂಬಿಯ ತುಂಡು. ಮಾದರಿಯಲ್ಲಿ ಉದ್ದ 6 ಮಿ.ಮೀ., ಎತ್ತರ 2.6. ಹಿತ್ತಾಳೆಯ ಸಲಾಕೆಯಿಂದ ಅರದಲ್ಲಿ ಉಜ್ಜಿ ಇದನ್ನು ರೂಪಿಸಿದವಳು ಒಬ್ಬ ಹುಡುಗಿ. ನಾಲ್ಕು ದಿನ ಹಿಡಿಯಿತು. ಎರಡು ಸಲ ನೆಲಕ್ಕೆ ಬಿದ್ದು ಕಾಣದಾಯಿತು. ಹಿತ್ತಾಳೆಯನ್ನು ಅಯಸ್ಕಾಂತ ಎಳೆಯದಾದುದರಿಂದ ಗುಡಿಸಿಯೇ ಹುಡುಕಬೇಕಾಯಿತು. ಆಮೇಲೆ ಮೇಜಿನಡಿಗೆ ಬಿಳಿಯ ಬಟ್ಟೆ ಹಾಸಿದೆವು. ಈಗ ಗಂಟೆ ಜಗಲಿಯಲ್ಲಿ ತೂಗುತ್ತಿದೆ. ಅದನ್ನು ಬಾರಿಸುತ್ತಿದ್ದ ಕಬ್ಬಿಣದ ಕೋಲು ಮಾತ್ರ ಎಂದೋ ಕಳೆದುಹೋಗಿದೆ. ಅದು ಎಷ್ಟುದ್ದವಿತ್ತು, ತುದಿ ಬಾಗಿತ್ತೋ ನೇರವಿತ್ತೋ ನೆನಪಿರುವ ಹಳೆಯ ವಿದ್ಯಾರ್ಥಿಗಳು ದಯವಿಟ್ಟು ನಮಗೆ ತಿಳಿಸಬೇಕು. ತಂತಿಯನ್ನು ತೆಗೆದಿಟ್ಟಿದ್ದೇವೆ.