ಪಾಠ ಮುಗಿಯುವವರೆಗೂ ಉಳಿಯಬೇಕಾದ ಚಾರ್ಜು

ಮಳೆಗಾಲದಲ್ಲಿ ಗೂಡಲೂರಿನ ಸುತ್ತ ಮರ ಉರುಳಿ ವಿದ್ಯುತ್ ನಿಂತಾಗ ತರಗತಿಯ ದೃಶ್ಯಪಾಠವು ಶಿಕ್ಷಕರ ಮೊಬೈಲಿನ ಬ್ಯಾಟರಿಯನ್ನೇ ಅವಲಂಬಿಸುತ್ತದೆ. ಸಂಜೆ ಮಸಿನಗುಡಿಯ ಕಾಡುದಾರಿಯಲ್ಲಿ ಮರಳುವವರಿಗೆ ತುರ್ತು ಕರೆ ಮಾಡಲೂ ಅದೇ ಆಧಾರ. ಆದ್ದರಿಂದ ಚಾರ್ಜು ಹೇಗೆ ವ್ಯಯವಾಗುತ್ತದೆಂಬುದನ್ನು ಶಿಕ್ಷಕರು ಅರಿತಿರಬೇಕು.

1. ಪರದೆ: ಇದರ ಬೆಳಕಿಗೆ ಬಹಳಷ್ಟು ಚಾರ್ಜು ವ್ಯಯವಾಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಬೆಳಕನ್ನು ತಗ್ಗಿಸಿ, ಬಳಸದಿದ್ದಾಗ 30 ಸೆಕೆಂಡುಗಳಲ್ಲಿ ಪರದೆ ತಾನಾಗಿ ಆರುವಂತೆ ಹೊಂದಿಸಬೇಕು. ಕಪ್ಪು ಹಿನ್ನೆಲೆಯಿಂದ ಉಳಿತಾಯವಾಗುವುದು ಓಎಲ್‌ಇಡಿ ಪರದೆಯಲ್ಲಿ. ಎಲ್‌ಸಿಡಿಯಲ್ಲಿ ಹಿಂಬದಿಯ ದೀಪ ಉರಿಯುತ್ತಲೇ ಇರುತ್ತದೆ.

2. ನೆಟ್‌ವರ್ಕ್: ಬೆಟ್ಟದ ಮರೆಯಲ್ಲಿ ಸಿಗ್ನಲ್ ಕ್ಷೀಣಿಸಿದಂತೆ ಟವರಿನ ಸಂಪರ್ಕಕ್ಕಾಗಿ ಫೋನು ಹೆಚ್ಚು ಶಕ್ತಿ ವ್ಯಯಿಸುತ್ತದೆ. ದೀಕ್ಷಾ ಆ್ಯಪ್‌ನ ಪಾಠವನ್ನು ಮುಂಚಿತವಾಗಿ ಡೌನ್‌ಲೋಡ್ ಮಾಡಿಕೊಂಡರೆ ತರಗತಿಯಲ್ಲಿ ಏರ್‌ಪ್ಲೇನ್ ಮೋಡ್ ಹಾಕಿಯೇ ತೋರಿಸಬಹುದು. ಆ ಅವಧಿಯಲ್ಲಿ ಕರೆಗಳು ಬಾರವು. ಪಾಠ ಮುಗಿದೊಡನೆ ಅದನ್ನು ತೆಗೆಯಲು ಮರೆಯಬಾರದು.

3. ಚಳಿ: ಉದಕಮಂಡಲದಲ್ಲಿ ಇಬ್ಬನಿ ಹೆಪ್ಪುಗಟ್ಟುವ ಜನವರಿಯ ಮುಂಜಾವುಗಳಲ್ಲಿ ಲಿಥಿಯಮ್ ಅಯಾನ್ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ಮಂದವಾಗುತ್ತದೆ. ಇದಕ್ಕೆ ಸೆಟ್ಟಿಂಗ್ಸ್‌ನಲ್ಲಿ ಪರಿಹಾರವಿಲ್ಲ. ಫೋನನ್ನು ಸ್ವೆಟರಿನ ಒಳಜೇಬಿನಲ್ಲಿ ಇಡುವುದೇ ಉಪಾಯ. ತಣ್ಣಗೆ ಕೊರೆಯುವ ಫೋನನ್ನು ಕೋಣೆಯ ಬಿಸುಪಿಗೆ ಬಂದ ನಂತರವೇ ಚಾರ್ಜಿಗೆ ಹಾಕಬೇಕು.

ಚಟುವಟಿಕೆ: ಡೌನ್‌ಲೋಡ್ ಮಾಡಿದ ಒಂದೇ ವಿಡಿಯೊವನ್ನು ಅಷ್ಟೇ ಬೆಳಕಿನಲ್ಲಿ, ಒಂದು ದಿನ ನೆಟ್‌ವರ್ಕ್ ಇರಿಸಿ, ಮರುದಿನ ಏರ್‌ಪ್ಲೇನ್ ಮೋಡ್ ಹಾಕಿ 20 ನಿಮಿಷ ತೋರಿಸಿರಿ. ಆರಂಭದ ಮತ್ತು ಕೊನೆಯ ಶೇಕಡಾವಾರು ಚಾರ್ಜನ್ನು ವಿದ್ಯಾರ್ಥಿಗಳು ಬರೆದುಕೊಂಡು ವ್ಯತ್ಯಾಸವನ್ನು ಲೆಕ್ಕಹಾಕಲಿ. ತಮ್ಮ ಊರಿನಲ್ಲಿ ಉಳಿತಾಯವೆಷ್ಟೆಂಬುದನ್ನು ಅವರೇ ಕಂಡುಕೊಳ್ಳುವರು.