ಡಬ್ಬಿಯೊಳಗಿನ ಜೋಳದ ರೊಟ್ಟಿ

ಮಧ್ಯಾಹ್ನದ ವಿರಾಮದಲ್ಲಿ ಕೆಲವು ವಿದ್ಯಾರ್ಥಿಗಳು ಜೋಳದ ರೊಟ್ಟಿಯನ್ನು ಡಬ್ಬಿಯ ಮುಚ್ಚಳದ ಮರೆಯಲ್ಲಿಟ್ಟು ಉಣ್ಣುವುದನ್ನು ನಾವು ಕಂಡಿದ್ದೇವೆ. ಮುಂಬಯಿಯಲ್ಲಿ ಈ ಸಂಕೋಚವೇತಕ್ಕೆ? ನೆರೆಯ ಮರಾಠಿಗರು ಇದನ್ನೇ ‘ಭಾಕರಿ’ ಎಂದು ಅಕ್ಕರೆಯಿಂದ ಉಣ್ಣುವರು.

ರೊಟ್ಟಿ ತಟ್ಟುವುದು ಸುಲಭದ ವಿದ್ಯೆಯಲ್ಲ. ಗೋಧಿಹಿಟ್ಟನ್ನು ಹಿಡಿದಿಡುವ ಗ್ಲುಟೆನ್ ಎಂಬ ಅಂಟು ಜೋಳದಲ್ಲಿಲ್ಲ. ತಣ್ಣೀರಿನಲ್ಲಿ ಕಲಸಿದರೆ ಅಂಚು ಬಿರಿಯುತ್ತದೆ. ಕುದಿನೀರು ಬಿದ್ದಾಗ ಹಿಟ್ಟಿನ ಪಿಷ್ಟವು ಉಬ್ಬಿ ಜಿಗುಟಾಗುತ್ತದೆ. ಆ ಜಿಗುಟನ್ನು ನಂಬಿಯೇ ತಾಯಿ ಅಂಗೈಯಿಂದ ತಟ್ಟಿ ಹಿಗ್ಗಿಸುವಳು. ಹಂಚಿನ ಮೇಲೆ ಹಾಕಿ, ನೀರು ಸವರಿ, ಮಗುಚಿ ಬೇಯಿಸಿದಾಗ ಒಳಗಿನ ತೇವವು ಹಬೆಯಾಗಿ ರೊಟ್ಟಿಯನ್ನು ಉಬ್ಬಿಸುತ್ತದೆ.

ವಿಶ್ವಸಂಸ್ಥೆಯು ಸಿರಿಧಾನ್ಯಗಳಿಗೆಂದು 2023ನೆಯ ವರ್ಷವನ್ನೇ ಮೀಸಲಿಟ್ಟಿತು. ಅವುಗಳಲ್ಲಿ ಜೋಳವೂ ಒಂದು. ಎಣಗಾಯಿಯೂ ಶೇಂಗಾ ಚಟ್ನಿಯೂ ಜೊತೆಗಿದ್ದರೆ, ಪಕ್ಕದ ವಡಾಪಾವಿನವನೇ ಒಂದು ತುಣುಕು ಬೇಡಿಯಾನು!